ಊರಲ್ಲೇ ಇಂಟರ್ನ್‌ಶಿಪ್ ಸಿಗ್ತದಾ ಅಕ್ಕಾ?

ಈ ಸಲ ಬಂದಿರೋ ಪತ್ರ, ಮೆಸೇಜು, ವಾಯ್ಸ್ ನೋಟು ಮುಕ್ಕಾಲು ಪಾಲು ಇಂಟರ್ನ್‌ಶಿಪ್ ಬಗ್ಗೇನೇ. ಬಳ್ಳಾರಿ, ಸಿಂಧನೂರು, ಕೊಪ್ಪಳ, ಮಾನ್ವಿ, ರಾಯಚೂರು ಎಲ್ಲಾ ಕಡೆಯಿಂದ. ಬಳ್ಳಾರಿಯ ಒಂದು ಕಾಲೇಜಲ್ಲಿ ಪ್ಲೇಸ್‌ಮೆಂಟ್ ಕೆಲಸ ನೋಡ್ಕೊಳ್ತಾ ನನಗೆ ಹನ್ನೊಂದು ವರ್ಷ ಆಯ್ತು, ಅದಕ್ಕೇ ಸಂಪಾದಕರು ಈ ವಾರದ ಪೂರ್ತಿ ಅಂಕಣ ಇದಕ್ಕೇ ಬಿಟ್ಟುಕೊಟ್ಟಿದ್ದಾರೆ. ಹೆಸರು ಯಾರದ್ದೂ ಹಾಕಿಲ್ಲ, ನಿಶ್ಚಿಂತೆಯಿಂದ ಓದ್ರಿ.

ಅಕ್ಕಾ, ನಾನು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಮೂರನೇ ವರ್ಷ. ವಾಟ್ಸಾಪಲ್ಲಿ ಒಂದು ಮೆಸೇಜ್ ಬಂದಿದೆ, 4,500 ರೂಪಾಯಿ ಕಟ್ಟಿದ್ರೆ ಒಂದು ತಿಂಗಳ ಆನ್‌ಲೈನ್ ಇಂಟರ್ನ್‌ಶಿಪ್ ಅಂತೆ, ಆಫರ್ ಲೆಟರು, ಸರ್ಟಿಫಿಕೇಟು, ಪ್ರಾಜೆಕ್ಟ್ ರಿಪೋರ್ಟು ಎಲ್ಲಾ ಅವ್ರೇ ಕೊಡ್ತಾರಂತೆ. ಕ್ಲಾಸಲ್ಲಿ ಇಪ್ಪತ್ತು ಜನ ಕಟ್ಟಿದ್ದಾರೆ. ನಾನೂ ಕಟ್ಲಾ? — ವಿದ್ಯಾರ್ಥಿನಿ, ಬಳ್ಳಾರಿ

ಕಟ್ಬೇಡ ತಂಗಿ. ರಿಪೋರ್ಟೂ ಅವ್ರೇ ಬರೆದು ಕೊಡ್ತಾರೆ ಅಂದ್ರೆ ನೀನು ಕಲಿಯೋದೇನು ಉಳೀತು ಹೇಳು? ಇಂಟರ್ನ್‌ಶಿಪ್ ಅಂದ್ರೆ ಒಂದು ಕಡೆ ಹೋಗಿ ಕೆಲಸ ಮಾಡೋದು, ಅದಕ್ಕೆ ಅವ್ರು ಸ್ಟೈಪೆಂಡ್ ಅಂತ ತಿಂಗಳಿಗಿಷ್ಟು ದುಡ್ಡು ಕೊಡಬಹುದು, ಕೊಡದೇನೂ ಇರಬಹುದು, ಆದ್ರೆ ಕೆಲಸ ಮಾಡೋಳೇ ದುಡ್ಡು ಕೊಡೋದು ಅಂತ ಇಲ್ಲ. ದುಡ್ಡು ಕೊಟ್ಟು ಕಲಿಯೋದಕ್ಕೆ ಕೋರ್ಸ್ ಅಂತ ಹೆಸರು. ಒಳ್ಳೇ ಕೋರ್ಸ್‌ಗಳು ಇದಾವೆ, ಬೇಕಿದ್ರೆ ಕೋರ್ಸ್ ಅಂತ ತಿಳ್ಕೊಂಡೇ ಸೇರು, ರೆಸ್ಯೂಮಲ್ಲೂ ಕೋರ್ಸ್ ಅಂತಾನೇ ಬರಿ.

ಹೋದ ಸಲ ನಮ್ಮಲ್ಲಿ ಮಾಕ್ ಇಂಟರ್ವ್ಯೂ, ಅಂದ್ರೆ ಅಭ್ಯಾಸದ ಇಂಟರ್ವ್ಯೂ ಮಾಡಿದಾಗ ಒಬ್ಬ ಹುಡುಗ ಬಂದ, ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟು ಕೈಲಿ, ಮಷೀನ್ ಲರ್ನಿಂಗ್ ಅಂತ ಬಂಗಾರದ ಅಕ್ಷರದಲ್ಲಿ ಇತ್ತು. ಪ್ರಾಜೆಕ್ಟ್ ಏನಪ್ಪಾ ಅಂದೆ. ಮನೆ ರೇಟು ಅಂದಾಜು ಮಾಡೋದು ಅಂದ. ಡೇಟಾ ಎಲ್ಲಿಂದ ತಂದೆ ಅಂದೆ, ಅವ್ರೇ ಕೊಟ್ರು ಮೇಡಂ ಅಂದ. ಎಷ್ಟು ಮನೆ ಇದ್ವು ಅದರಲ್ಲಿ ಅಂದೆ. ಸುಮ್ಮನಾಗಿಬಿಟ್ಟ, ಆ ಲ್ಯಾಮಿನೇಷನ್ ಮೂಲೇನ ಉಗುರಲ್ಲಿ ಕೆರೀತಾ ಕೂತ. ಒಳ್ಳೇ ಹುಡುಗ, ಬುದ್ಧಿವಂತ, ನನಗೆ ಹೊಟ್ಟೆ ಚುರ್ ಅಂತು. ಅವನ ಅಪ್ಪ ದುಡಿದಿದ್ದ ದುಡ್ಡು ಅದು.

ಅವತ್ತೇ ಮಧ್ಯಾಹ್ನ ಇನ್ನೊಬ್ಬಳು ಬಂದಳು. ಅವಳ ಹತ್ರ ಸರ್ಟಿಫಿಕೇಟೇ ಇಲ್ಲ, ಅವರ ಮಾವನ ಜೀನ್ಸ್ ಯೂನಿಟ್‌ನ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲಿನ ಪತ್ರ ಅಷ್ಟೇ. ನಮ್ಮ ಬಳ್ಳಾರಿ ಜೀನ್ಸ್ ಗೊತ್ತಲ್ಲ, ಕಟಿಂಗ್ ಒಂದು ಕಡೆ, ಹೊಲಿಗೆ ಒಂದು ಕಡೆ, ವಾಷಿಂಗ್ ಇನ್ನೊಂದು ಕಡೆ. ಹೊಲಿದಿದ್ದು ವಾಷಿಂಗ್‌ಗೆ ಹೋಗಿ ವಾಪಸ್ ಬರೋವಾಗ ಪೀಸು ಕಮ್ಮಿ ಬರ್ತಿದ್ವಂತೆ, 600 ಕಳಿಸಿದ್ರೆ 588, ಆ 12 ಎಲ್ಲಿ ಹೋದ್ವು ಅಂತ ದಿನಾ ಜಗಳ. ಇವಳು ಪೈಥಾನಲ್ಲಿ ಒಂದು ಸಣ್ಣ ಪ್ರೋಗ್ರಾಂ ಮಾಡಿ ಯಾವ ದಿನ ಯಾವ ಲಾಟು ಹೋಯ್ತು, ಎಷ್ಟು ಬಂತು, ಎಷ್ಟು ಡ್ಯಾಮೇಜು ಅಂತ ಬರೀತಾ ಹೋದಳು, ಮೂರು ವಾರಕ್ಕೆ ಗೊತ್ತಾಯ್ತು ಪೀಸು ಕಳುವಾಗ್ತಿರಲಿಲ್ಲ, ಡ್ಯಾಮೇಜ್ ಆದವನ್ನ ಬೇರೆ ಚೀಲಕ್ಕೆ ಹಾಕಿ ಲೆಕ್ಕಕ್ಕೆ ತಗೊಳ್ತಾ ಇರಲಿಲ್ಲ. ಇದನ್ನ ಅವಳು ಹೇಳಿದ್ದು ಹತ್ತು ಹನ್ನೆರಡು ನಿಮಿಷ, ಎದುರಿಗೆ ಕೂತಿದ್ದ ಮೂರೂ ಜನ ಬಾಯಿ ಮುಚ್ಚಿ ಕೇಳಿದ್ವಿ. ಕೆಲಸ ಮಾಡಿದೋಳಿಗೆ ಮಾತ್ರ ಗೊತ್ತಿರೋ ವಿಷಯ ಅದು, ಇಂಟರ್ವ್ಯೂ ಮಾಡೋರು ಹುಡುಕೋದು ಅದನ್ನೇ.

ವಿಟಿಯು, ಅಂದ್ರೆ ನಿಮ್ಮ ಇಂಜಿನಿಯರಿಂಗ್ ವಿಶ್ವವಿದ್ಯಾಲಯ, ಇಂಟರ್ನ್‌ಶಿಪ್ ಕಡ್ಡಾಯ ಮಾಡಿರೋದ್ರಿಂದ ನಿಮಗೆಲ್ಲ ಗಾಬರಿ, ಆ ಗಾಬರಿನೇ ಈ ದುಡ್ಡು ಕೇಳೋರ ಬಂಡವಾಳ. ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲಲ್ಲಿ ಫ್ರೀಯಾಗಿ ರಿಜಿಸ್ಟರ್ ಆಗು. ಅಲ್ಲಿ ಬಂದಿದ್ದೆಲ್ಲಾ ಬಂಗಾರ ಅನ್ಕೋಬೇಡ, ಅಲ್ಲೂ ಯಾರಾದ್ರೂ ಫೀಸು ಕೇಳಿದ್ರೆ ಮುಂದಕ್ಕೆ ಹೋಗು. ಕಂಪನಿ ಹೆಸರನ್ನ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಲ್ಲಿ ಹಾಕಿ ನೋಡು, ನೋಂದಣಿ ಆಗಿದೆಯಾ, ಯಾವಾಗ ಆಗಿದೆ ಅಂತ ಗೊತ್ತಾಗ್ತದೆ. ಕಲಿಯೋಕೆ ಇನ್ಫೋಸಿಸ್ ಕಂಪನಿಯ ಆನ್‌ಲೈನ್ ತಾಣ ಸ್ಪ್ರಿಂಗ್‌ಬೋರ್ಡ್ ಫ್ರೀ ಇದೆ, ಎನ್‌ಪಿಟಿಇಎಲ್ ಅನ್ನೋ ಐಐಟಿಗಳ ಆನ್‌ಲೈನ್ ಪಾಠಗಳೂ ಫ್ರೀ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಫೀಸು. ಕಲಿತಿದ್ದರಲ್ಲಿ ಏನಾದ್ರೂ ಒಂದು ಕಟ್ಟಿ ಕೋಡ್ ಇಡೋ ವೆಬ್‌ಸೈಟ್ ಗಿಟ್‌ಹಬ್‌ಗೆ ಹಾಕು, ನಿಮ್ಮ ಓಣಿ ಮೆಡಿಕಲ್ ಶಾಪಿನ ಸ್ಟಾಕ್ ಲೆಕ್ಕ ಆದ್ರೂ ಸರಿ.

ದುಡ್ಡು ಕಟ್ಟಿದ ಮೇಲೆ ಆ ಕಡೆಯವರು ಫೋನೇ ಎತ್ತುತ್ತಿಲ್ಲ ಅಂತಾದ್ರೆ ನಾಚ್ಕೊಂಡು ಕೂರಬೇಡಿ, ಯುಪಿಐ ಸ್ಕ್ರೀನ್‌ಶಾಟ್ ಇಟ್ಕೊಂಡು ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ರಿ, ತಡ ಆದಷ್ಟೂ ದುಡ್ಡು ವಾಪಸ್ ಬರೋದು ಕಷ್ಟ.

ಅಕ್ಕಾರ, ನಾನು ಬಿ.ಕಾಂ. ಕೊನೇ ವರ್ಷ. ನಮ್ ಕಾಲೇಜಿಗೆ ಯಾವ ಕಂಪನಿನೂ ಬರಂಗಿಲ್ರಿ. ಬೆಂಗಳೂರಿಗೆ ಹೋಗಾಕ ಆಗಂಗಿಲ್ಲ, ಮನ್ಯಾಗ ಹೊಲದ ಕೆಲ್ಸ ಐತಿ. ಇಲ್ಲೇ ಏನಾರ ಮಾಡಬಹುದೇನ್ರಿ? — ಸಿಂಧನೂರು ತಾಲೂಕು

ತಮ್ಮಾ, ನಿನ್ನ ಪತ್ರ ಓದಿ ನನಗೆ ಖುಷಿ ಆಯ್ತು, ಯಾಕಂದ್ರೆ ನೀನು ಕೂತಿರೋ ಜಾಗದಲ್ಲೇ ಕೆಲಸ ಇದೆ. ಸಿಂಧನೂರಲ್ಲಿ ಎಷ್ಟು ರೈಸ್ ಮಿಲ್ ಇದಾವೆ ಎಣಿಸಿದ್ದೀಯಾ? ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಬೆಳೆದ ಭತ್ತ ಎಲ್ಲಾ ಬಂದು ಬೀಳೋದು ನಿಮ್ಮ ಕಡೆ, ಗಂಗಾವತಿ ಕಡೆ. ಒಂದು ಮಿಲ್ಲಲ್ಲಿ ಆರು ವಾರ ಕೂತು ನೋಡು, ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಓದಿದ್ದೆಲ್ಲಾ ಕಣ್ಣೆದುರಿಗೆ ಬರ್ತದೆ. ಲಾರಿ ವೇಬ್ರಿಡ್ಜ್ ಮೇಲೆ ನಿಲ್ತದೆ, ತೂಕದ ಚೀಟಿ ಬರ್ತದೆ, ಭತ್ತದಲ್ಲಿ ಹಸಿ ಎಷ್ಟಿದೆ ಅಂತ ಮಷಿನ್ನಲ್ಲಿ ನೋಡ್ತಾರೆ, ಅದರ ಮೇಲೆ ರೇಟು ಕಟ್ತಾರೆ, ಹಮಾಲಿ ಬೇರೆ, ಗೋಣಿಚೀಲ ಬೇರೆ. ಸರ್ಕಾರಕ್ಕೆ ಅಕ್ಕಿ ಮಾಡಿಕೊಡೋ ಮಿಲ್ಲಾದ್ರೆ ಒಂದು ಕ್ವಿಂಟಲ್ ಭತ್ತಕ್ಕೆ 67 ಕೆಜಿ ಹಸಿ ಅಕ್ಕಿ (ಭತ್ತ ಬೇಯಿಸದೆ ಮಾಡಿದ್ದು) ಲೆಕ್ಕ ಕೊಡಬೇಕು, ಕುಸುಬಲಕ್ಕಿ (ಬೇಯಿಸಿ ಮಾಡಿದ್ದು) ಆದ್ರೆ 68. ಮಿಕ್ಕಿದ್ದು ನುಚ್ಚು, ತೌಡು, ಉಮಿ. ಆ ನುಚ್ಚು ತೌಡಿಗೂ ರೇಟು ಇದೆ, ಅದನ್ನ ಲೆಕ್ಕದಲ್ಲಿ ಎಲ್ಲಿ ತೋರಿಸ್ತಾರೆ? ಉಪ ಉತ್ಪನ್ನ ಅಂತ ನೀನು ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀಯಲ್ಲ, ಅದೇ ಇದು. ನಾಳೆ ಯಾವುದೋ ಬ್ಯಾಂಕಿನ ಸಾಲದ ವಿಭಾಗದ ಇಂಟರ್ವ್ಯೂನಲ್ಲಿ ಕೂತಾಗ ನೀನು ಒಂದು ಮಿಲ್ಲಿನ ಲಾಭ ಎಲ್ಲಿಂದ ಬರ್ತದೆ ಅಂತ ಹೇಳಬಲ್ಲೆ.

ಎರಡನೇ ಜಾಗ ಆಡಿಟರ್ ಆಫೀಸು. ಅಲ್ಲಿಗೆ ಕೇಳೋಕೆ ಹೋಗೋದಕ್ಕೂ ದಿನ ನೋಡ್ಬೇಕು. ತಿಂಗಳಿಗೊಮ್ಮೆ ರಿಟರ್ನ್ ಹಾಕೋ ವ್ಯಾಪಾರಿಗಳದ್ದು ಜಿಎಸ್‌ಟಿಆರ್-1 (ಮಾರಾಟದ ಲೆಕ್ಕ) ಪ್ರತಿ ತಿಂಗಳ 11ಕ್ಕೆ, 3ಬಿ (ತೆರಿಗೆ ಕಟ್ಟೋ ರಿಟರ್ನ್) 20ಕ್ಕೆ, ಆ ದಿನಗಳಲ್ಲಿ ಹೋದ್ರೆ ಅವ್ರು ನಿನ್ನ ಮುಖಾನೂ ನೋಡಲ್ಲ, ತಪ್ಪು ತಿಳೀಬೇಡ, ಅವರ ತಲೆ ಮೇಲೆ ಅಷ್ಟು ಕೆಲಸ ಇರ್ತದೆ. 22, 23ನೇ ತಾರೀಖು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗು. ಒಂದನೇ ತಾರೀಖಿಂದ ಬರ್ತೀನಿ ಸರ್ ಅನ್ನು, ಆಗ ಬಿಲ್ ಜೋಡಿಸೋದ್ರಿಂದ ರಿಟರ್ನ್ ಹಾಕೋ ತನಕ ಪೂರ್ತಿ ಒಂದು ಸುತ್ತು ನೋಡೋಕೆ ಸಿಗ್ತದೆ.

ಹೋಗೋವಾಗ ಪ್ರಿನ್ಸಿಪಾಲರ ಸಹಿ ಇರೋ ಪತ್ರ, ಒಂದು ಪುಟದ ರೆಸ್ಯೂಮು ತಗೊಂಡು ಹೋಗು. ಮಾತು ಇಷ್ಟೇ ಸಾಕು: "ಸರ್ ನಮಸ್ಕಾರ, ನಾನು ಬಿ.ಕಾಂ. ಕೊನೇ ವರ್ಷ ಓದ್ತಿದ್ದೀನಿ, ಪರೀಕ್ಷೆ ಮುಗಿದ ಮೇಲೆ ಆರು ವಾರ ನಿಮ್ಮಲ್ಲಿ ಕೆಲಸ ಕಲೀಬೇಕು ಅಂತಿದ್ದೀನಿ, ಟ್ಯಾಲಿಯಲ್ಲಿ ವೋಚರ್ ಎಂಟ್ರಿ ಬರ್ತದೆ, ಜಿಎಸ್‌ಟಿ ಕಲೀಬೇಕು, ಕಾಲೇಜಿನ ಪತ್ರ ತಂದಿದ್ದೀನಿ." ಟ್ಯಾಲಿ ಬರದಿದ್ರೆ ಬರ್ತದೆ ಅನ್ಬೇಡ. ಏನಾದ್ರೂ ಕೆಲಸ ಕೊಡ್ರಿ ಅಂತ ಕೇಳೋರಿಗಿಂತ, ಇದು ಬರ್ತದೆ, ಇದು ಕಲೀಬೇಕು, ಇಷ್ಟು ದಿನ ಇರ್ತೀನಿ ಅಂತ ಹೇಳೋರಿಗೆ ಬೇಗ ಹೂಂ ಅಂತಾರೆ, ನಾನು ನೋಡಿರೋದು. ಮೊದಲನೇ ಕಡೆ ಬೇಡ ಅಂದ್ರೆ ಬೇಜಾರು ಮಾಡ್ಕೋಬೇಡ, ಎಂಟು ಹತ್ತು ಬಾಗಿಲು ತಟ್ಟೋಕೆ ರೆಡಿಯಾಗೇ ಹೋಗು.

ಸೇರಿದ ಮೇಲೆ ಒಂದು 100 ಪೇಜಿನ ನೋಟ್‌ಬುಕ್ ತಗೊಂಡು ದಿನಾ ಸಂಜೆ ನಾಲ್ಕು ಸಾಲು ಬರಿ. ಇವತ್ತು ಏನು ಮಾಡಿದೆ, ಏನು ತಪ್ಪಾಯ್ತು, ಯಾರು ತಿದ್ದಿದ್ರು, ಯಾವ ಅಂಕಿ ನೋಡಿದೆ. ಆರು ತಿಂಗಳ ಮೇಲೆ ಇಂಟರ್ವ್ಯೂಗೆ ಹೋಗೋವಾಗ ತಲೆಯಲ್ಲಿ ಏನೂ ಉಳಿದಿರಲ್ಲ, ಆ ನೋಟ್‌ಬುಕ್ಕೇ ಕೈ ಹಿಡಿಯೋದು. ಮಿಲ್ಲಿನ ಲೆಕ್ಕಾನ ಹೊರಗಡೆ ಯಾರ ಹತ್ರಾನೂ ಮಾತಾಡಬಾರದು, ವ್ಯಾಪಾರಿಗಳ ಹೆಸರು ಬರಕೋಬಾರದು, ಅದು ನಂಬಿಕೆ ವಿಷಯ.

ಮೇಡಂ, ನಾನು ರೈತ. ನನ್ನ ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ. ಬೆಂಗಳೂರಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ, ಸಂಬಳ ಇಲ್ಲವಂತೆ. ಕಳಿಸೋದೋ ಬೇಡವೋ ತಿಳೀತಿಲ್ಲ. — ಕೊಪ್ಪಳ ತಾಲೂಕು

ಅಣ್ಣಾರೇ, ಮಗಳನ್ನ ಮೆಕ್ಯಾನಿಕಲ್ ಓದಿಸ್ತಿದ್ದೀರಲ್ಲ, ಮೊದಲು ಅದಕ್ಕೆ ನಮಸ್ಕಾರ. ಹುಡುಗಿಯರಿಗೆ ಮೆಕ್ಯಾನಿಕಲ್ ಯಾಕೆ ಅಂತ ಕೇಳೋರು ಇನ್ನೂ ಸುಮಾರು ಜನ ಇದ್ದಾರೆ.

ಖರ್ಚು ಮೊದಲು ಲೆಕ್ಕ ಹಾಕೋಣ. ಬೆಂಗಳೂರಲ್ಲಿ ಪಿಜಿ, ಊಟ, ಫೋನು, ಔಷಧಿ ಅಂತ ಎಷ್ಟು ಕೈ ಬಿಗಿ ಹಿಡಿದ್ರೂ ತಿಂಗಳಿಗೆ ಹತ್ತು ಸಾವಿರ ದಾಟ್ತದೆ. ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಅದೊಂದು ಉಳೀತದೆ. ಮೂರು ತಿಂಗಳಿಗೆ ಮೂವತ್ತು ನಲವತ್ತು ಸಾವಿರ ಅಂದ್ರೆ ನಿಮ್ಮ ಒಂದು ಬೆಳೆಯ ಗೊಬ್ಬರದ ದುಡ್ಡು. ಅಷ್ಟು ಹಾಕೋಕೆ ಮುಂಚೆ ಮಗಳ ಕೈಲಿ ಆ ಕಂಪನಿಗೆ ಫೋನ್ ಮಾಡಿಸಿ ಕೇಳಿಸ್ರಿ: ದಿನಾ ಏನು ಕೆಲಸ, ಯಾವ ಮಷಿನ್ ಮೇಲೆ ಕೂರಿಸ್ತೀರಿ, ಕಲಿಸೋರು ಯಾರು, ಶಿಫ್ಟ್ ಎಷ್ಟೊತ್ತಿಗೆ ಬಿಡ್ತದೆ, ಮುಗಿದ ಮೇಲೆ ಕೆಲಸಕ್ಕೆ ತಗೊಳ್ಳೋ ಪದ್ಧತಿ ಇದೆಯಾ. ನೆಟ್ಟಗೆ ಉತ್ತರ ಬಂದ್ರೆ ಯೋಚನೆ ಮಾಡಬಹುದು. ಬಂದ ಮೇಲೆ ಹೇಳ್ತೀವಿ ಅಂದ್ರೆ ಬಿಟ್ಟುಬಿಡ್ರಿ.

ಇನ್ನೊಂದು ಮಾತು. ಮೆಕ್ಯಾನಿಕಲ್ ಓದೋ ಹುಡುಗಿಗೆ ಬೆಂಗಳೂರಿಗಿಂತ ನಮ್ಮ ಸೀಮೆನೇ ದೊಡ್ಡ ಪಾಠಶಾಲೆ ಅಂತ ನನ್ನ ಅಭಿಪ್ರಾಯ. ನಿಮ್ಮ ತಾಲೂಕಿನ ಬೇವಿನಹಳ್ಳಿಯಲ್ಲೇ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಇದೆ, ಬೀಡು ಕಬ್ಬಿಣ, ಎರಕದ ಕೆಲಸ ಎರಡೂ ಅಲ್ಲೇ. ರೈಲು ಹತ್ತಿದ್ರೆ ಹೊಸಪೇಟೆ ದಾಟಿ ತೋರಣಗಲ್ಲು, ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ. ಕುಡತಿನಿಯಲ್ಲಿ, ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಲಿಂಗಸುಗೂರು ತಾಲೂಕಲ್ಲಿ ಹಟ್ಟಿ ಚಿನ್ನದ ಗಣಿ. ದೊಡ್ಡ ಕಾರ್ಖಾನೆಗೆ ಒಬ್ಬಳೇ ಗೇಟಿಗೆ ಹೋದ್ರೆ ಒಳಗೆ ಬಿಡಲ್ಲ, ಕಾಲೇಜಿನ ಪತ್ರ ಟ್ರೈನಿಂಗ್ ವಿಭಾಗಕ್ಕೆ ಎರಡು ಮೂರು ತಿಂಗಳು ಮುಂಚೆ ಹೋಗಬೇಕು, ಅದಕ್ಕೆ ಈಗಲೇ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿ ಹತ್ರ ಹೋಗಿ ಪತ್ರ ಬರೆಸ್ರಿ. ಆ ದೊಡ್ಡವಕ್ಕೆ ಬಿಡಿಭಾಗ ಮಾಡಿಕೊಡೋ ಸಣ್ಣ ಫ್ಯಾಬ್ರಿಕೇಷನ್ ಶೆಡ್ಡುಗಳನ್ನೂ ಬಿಡಬೇಡ್ರಿ, ಅಲ್ಲಿ ಮೊದಲನೇ ವಾರವೇ ಕೈಗೆ ಅಳತೆ ಮಾಡೋ ವರ್ನಿಯರ್ ಕೊಡ್ತಾರೆ.

ಡಿಪ್ಲೊಮಾ ಮುಗಿದ ಮೇಲಾದ್ರೆ ಅಪ್ರೆಂಟಿಸ್ ದಾರಿ ಇದೆ, ಅಂದ್ರೆ ಸ್ಟೈಪೆಂಡ್ ತಗೊಂಡು ಕೆಲಸ ಕಲಿಯೋದು. ಕೇಂದ್ರ ಸರ್ಕಾರದ ಎನ್‌ಎಟಿಎಸ್ ಪೋರ್ಟಲಲ್ಲಿ ರಿಜಿಸ್ಟರ್ ಆಗಬೇಕು. 2019ರ ನಿಯಮದಲ್ಲೇ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000, ಡಿಗ್ರಿಯವರಿಗೆ 9,000 ಅಂತ ಸ್ಟೈಪೆಂಡ್ ಗೊತ್ತು ಮಾಡಿದ್ದಾರೆ.

ಎಲ್ಲಿಗೇ ಕಳಿಸಿದ್ರೂ ಎರಡು ವಿಷಯ ಮಗಳಿಗೆ ಹೇಳಿ ಕಳಿಸ್ರಿ. ಹೆಲ್ಮೆಟ್, ಸೇಫ್ಟಿ ಶೂ ಕೊಡದೆ ಶಾಪ್ ಫ್ಲೋರಿಗೆ ಇಳಿ ಅಂದ್ರೆ ಇಳೀಬಾರದು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಜಾಗದಲ್ಲಿ ಹೆಣ್ಣುಮಕ್ಕಳ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ ಅದು, ಟ್ರೇನಿಗಳಿಗೂ ಅಪ್ರೆಂಟಿಸ್‌ಗಳಿಗೂ ಅನ್ವಯ ಆಗ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮೊದಲನೇ ದಿನವೇ ಕೇಳಿ ಬರಕೊಳ್ಳಲಿ. ಕೇಳೋದು ಅವಳ ಹಕ್ಕು.

ಅಕ್ಕಾ, ಬಿಸಿಎ ಕೊನೇ ವರ್ಷ. ಕೋಡಿಂಗ್ ಬರ್ತದ, ಆದ್ರ ಇಂಗ್ಲಿಷ್ ಅಂದ್ರ ಎದಿ ಢವಢವ ಅಂತದ. ಎರಡು ಡ್ರೈವ್‌ದಾಗ ಗ್ರೂಪ್ ಡಿಸ್ಕಷನ್‌ದಾಗೇ ಹೊರಗ ಬಂದೀನಿ. — ರಾಯಚೂರು

ನಿನ್ನ ಹಾಗೆ ಬರೆದೋರು ಒಂಬತ್ತು ಜನ, ಅದರಲ್ಲಿ ಏಳು ಜನ ಕನ್ನಡ ಮೀಡಿಯಂ. ಇಂಗ್ಲಿಷ್ ಬೇಕಾಗಿಲ್ಲ ಅಂತ ನಾನು ಸುಳ್ಳು ಹೇಳಲ್ಲ, ಬೇಕು. ಆದ್ರೆ ಎಷ್ಟು ಬೇಕು? ನೀನು ಮಾಡಿದ ಕೆಲಸಾನ ಸಣ್ಣ ಸಣ್ಣ ವಾಕ್ಯದಲ್ಲಿ ಹೇಳೋವಷ್ಟು. ಮೊದಲು ಕನ್ನಡದಲ್ಲೇ ಹೇಳು, ನಿನ್ನ ಪ್ರಾಜೆಕ್ಟ್ ಏನು, ಯಾಕೆ ಮಾಡಿದೆ, ಎಲ್ಲಿ ಸಿಕ್ಕಾಕ್ಕೊಂಡೆ, ಹೆಂಗೆ ಬಿಡಿಸ್ಕೊಂಡೆ, ಎರಡು ನಿಮಿಷ. ಕನ್ನಡದಲ್ಲೇ ತಡವರಿಸಿದ್ರೆ ತೊಂದರೆ ಇಂಗ್ಲಿಷಿಂದಲ್ಲ, ವಿಷಯ ಇನ್ನೂ ಕೂತಿಲ್ಲ ಅಂತ ಅರ್ಥ. ಅದು ಸರಿ ಹೋದ ಮೇಲೆ ಅದನ್ನೇ ಇಂಗ್ಲಿಷಲ್ಲಿ ಎಂಟು ಹತ್ತು ವಾಕ್ಯ ಬರಿ, ಫೋನಲ್ಲಿ ರೆಕಾರ್ಡ್ ಮಾಡು, ಕೇಳು, ಮತ್ತೆ ಮಾಡು. ಮೊದಲ ದಿನ ನಿನ್ನ ದನಿ ನಿನಗೇ ಕೇಳೋಕಾಗಲ್ಲ, ನಾಲ್ಕನೇ ದಿನಕ್ಕೆ ಅಭ್ಯಾಸ ಆಗ್ತದೆ. ದಿನಾ ಇಪ್ಪತ್ತು ನಿಮಿಷದ ಹಾಗೆ ನಲವತ್ತು ದಿನ ಮಾಡು.

ಗ್ರೂಪ್ ಡಿಸ್ಕಷನಲ್ಲಿ ಮೊದಲು ಮಾತಾಡೋರೇ ಗೆಲ್ತಾರೆ ಅಂತ ಯಾರೋ ಹೇಳಿರ್ತಾರೆ, ನಂಬಬೇಡ. ಎರಡು ಜನ ಮಾತಾಡಲಿ, ಅವರು ಹೇಳಿದ್ದಕ್ಕೆ ನಿನ್ನದೊಂದು ಉದಾಹರಣೆ ಸೇರಿಸು. ಆನ್‌ಲೈನ್ ಕ್ಲಾಸ್ ಬಗ್ಗೆ ಟಾಪಿಕ್ ಕೊಟ್ರು ಅನ್ಕೋ, ನಿಮ್ಮೂರಲ್ಲಿ ಕರೆಂಟ್ ಹೋದಾಗ ಟವರ್ ಸಿಗಲ್ಲ, ನೀವೆಲ್ಲಾ ಮಾಳಿಗೆ ಹತ್ತಿ ಕ್ಲಾಸ್ ಕೇಳ್ತಿದ್ರಿ ಅಂತ ಹೇಳು, ಆ ಮಾತು ಆ ರೂಮಲ್ಲಿ ಬೇರೆ ಯಾರ ಹತ್ರಾನೂ ಇರಲ್ಲ. ಪ್ರಶ್ನೆ ಅರ್ಥ ಆಗದಿದ್ರೆ ಇನ್ನೊಮ್ಮೆ ಹೇಳಿ ಸರ್ ಅಂತ ಕೇಳು, ಅದಕ್ಕೆ ಮಾರ್ಕ್ಸ್ ಕಡಿಯಲ್ಲ.

ಜೊತೆಗೆ ಆಪ್ಟಿಟ್ಯೂಡು. ಬಹಳಷ್ಟು ಡ್ರೈವಲ್ಲಿ ಮೊದಲ ಜರಡಿ ಅದೇ. ಶೇಕಡಾ, ಅನುಪಾತ, ಕಾಲ-ಕೆಲಸ, ಲಾಭ-ನಷ್ಟ, ಎಲ್ಲಾ ಹೈಸ್ಕೂಲಲ್ಲಿ ಮಾಡಿದ ಲೆಕ್ಕಗಳೇ, ಗಡಿಯಾರ ಇಟ್ಕೊಂಡು ಮಾಡಿ ನೋಡು. ಆನ್‌ಲೈನ್ ಟೆಸ್ಟ್ ಇದ್ದ ದಿನ ಹಳ್ಳೀಲಿ ಕೂರಬೇಡ, ಕಾಲೇಜು ಲ್ಯಾಬಿಗೋ ರಾಯಚೂರಲ್ಲಿರೋ ಗೆಳೆಯನ ರೂಮಿಗೋ ಬಾ. ಮಧ್ಯದಲ್ಲಿ ನೆಟ್ ಹೋಗಿ ಅತ್ಕೊಂಡು ಫೋನ್ ಮಾಡಿದ ಮಕ್ಕಳನ್ನ ನಾನು ಪ್ರತಿ ವರ್ಷ ಸಮಾಧಾನ ಮಾಡಿದ್ದೀನಿ.

ಡಿಗ್ರಿ ಮುಗಿದು ಒಂದು ವರ್ಷ ಆಯ್ತು. ಮನೇಲಿ 371(ಜೆ) ಇದೆಯಲ್ಲ, ಸರ್ಕಾರಿ ಕೆಲಸಾನೇ ನೋಡು, ಪ್ರೈವೇಟ್ ಬೇಡ ಅಂತಾರೆ. ನನಗೆ ವಯಸ್ಸು 22. — ಮಾನ್ವಿ

ಮನೆಯವರು ಹೇಳೋದರಲ್ಲಿ ಅರ್ಥ ಇದೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಓದಲ್ಲಿ, ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡೋ ದೊಡ್ಡ ಆಸರೆ, ಅರ್ಹತಾ ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲ ಅಂದ್ರೆ ಇದೇ ವಾರ ನಾಡಕಚೇರಿಗೆ ಹೋಗಿ ವಿಚಾರಿಸು, ನೋಟಿಫಿಕೇಷನ್ ಬಂದ ಮೇಲೆ ಓಡಾಡಿ ಕೊನೇ ದಿನ ತಪ್ಪಿಸ್ಕೊಂಡವರು ಬಹಳ. ಆದ್ರೆ ನೋಟಿಫಿಕೇಷನ್ ಯಾವಾಗ, ಪರೀಕ್ಷೆ ಯಾವಾಗ, ರಿಸಲ್ಟ್ ಯಾವಾಗ ಅನ್ನೋದು ನಿನ್ನ ಕೈಲಿಲ್ಲ, ಅಲ್ಲಿ ತನಕ ಖಾಲಿ ಕೂರಬೇಡ. ಖಾಲಿ ಕೂತ ವರ್ಷಗಳು ರೆಸ್ಯೂಮಿಗಿಂತ ಮನಸ್ಸಿಗೆ ಜಾಸ್ತಿ ಪೆಟ್ಟು ಕೊಡ್ತಾವೆ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ನಿನ್ನಂಥವರಿಗೇ ಇರೋದು. 2024ರ ಅಕ್ಟೋಬರಲ್ಲಿ ಶುರುವಾದಾಗ ವಯಸ್ಸು 21ರಿಂದ 24, ರೆಗ್ಯುಲರ್ ಕಾಲೇಜಲ್ಲಿ ಓದ್ತಿರಬಾರದು, ಫುಲ್‌ಟೈಂ ಕೆಲಸ ಇರಬಾರದು, ಮನೆ ವರಮಾನ ವರ್ಷಕ್ಕೆ 8 ಲಕ್ಷದ ಒಳಗೆ ಇರಬೇಕು ಅಂತಿತ್ತು. ಹನ್ನೆರಡು ತಿಂಗಳು, ತಿಂಗಳಿಗೆ 5,000, ಸೇರುವಾಗ ಒಂದು ಸಲ 6,000 ಅಂತ ಆಗ ಇತ್ತು. ಪೋರ್ಟಲ್ ತೆಗೆದು ಈಗಿನ ನಿಯಮ ಓದಿ ಅರ್ಜಿ ಹಾಕು, ಅರ್ಜಿಗೆ ಫೀಸು ಇಲ್ಲ, ಮಾಡಿಸಿಕೊಡ್ತೀನಿ ದುಡ್ಡು ಕೊಡು ಅನ್ನೋರ ಹತ್ರ ಹೋಗ್ಬೇಡ. ಬೆಳಿಗ್ಗೆ ಎರಡು ಗಂಟೆ ಪರೀಕ್ಷೆಗೆ ಓದು, ಹಗಲು ಕೆಲಸ ಕಲಿ. ಮನೆಯವರಿಗೆ ಹಿಂಗೇ ಹೇಳು, ಎರಡನ್ನೂ ಬಿಟ್ಟಿಲ್ಲ ಅಂತ.

ಎರಡು ಸಬ್ಜೆಕ್ಟ್ ಬ್ಯಾಕ್ ಇದಾವೆ. ರೆಸ್ಯೂಮಲ್ಲಿ ಹಾಕದೇ ಬಿಟ್ರೆ ಗೊತ್ತಾಗ್ತದಾ? — ಹೊಸಪೇಟೆ ರಸ್ತೆ, ಬಳ್ಳಾರಿ

ಗೊತ್ತಾಗ್ತದೆ. ಸೇರುವಾಗ ಎಲ್ಲಾ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಕೇಳ್ತಾರೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಅಂತ ಬೇರೆ ಮಾಡ್ತಾರೆ, ಆಗ ಸಿಕ್ಕಿಬಿದ್ರೆ ಬಂದ ಆಫರ್ ಹೋಗ್ತದೆ. ಎಷ್ಟೋ ಕಂಪನಿಗಳು 60 ಪರ್ಸೆಂಟು, ಬಾಕಿ ಸಬ್ಜೆಕ್ಟ್ ಇರಬಾರದು ಅಂತ ಇಡ್ತಾವೆ ನಿಜ, ಎಲ್ಲರೂ ಇಡಲ್ಲ. ಕೇಳಿದ್ರೆ ಇದೆ ಸರ್, ಈ ಸಬ್ಜೆಕ್ಟು, ಈ ಸೆಮಿಸ್ಟರಲ್ಲಿ ಕ್ಲಿಯರ್ ಮಾಡ್ತೀನಿ ಅಂತ ಹೇಳು. ಮತ್ತೆ ನಿಜವಾಗ್ಲೂ ಕ್ಲಿಯರ್ ಮಾಡು ತಮ್ಮಾ, ಈ ತಿಂಗಳು ಬೇರೆ ಏನೂ ಹಚ್ಕೋಬೇಡ.

ರೆಸ್ಯೂಮಲ್ಲಿ ಏನೇನು ಇರಬೇಕು? — ಗಂಗಾವತಿ, ಕುಷ್ಟಗಿ, ಸಂಡೂರಿಂದ ನಾಲ್ಕು ಜನ

ಒಂದೇ ಪುಟ. ಹೆಸರು, ಫೋನು, ನೆಟ್ಟಗಿನ ಮೇಲ್ ಐಡಿ. ಓದು, ಮಾಡಿದ ಕೆಲಸ, ಬರೋ ಸಾಫ್ಟ್‌ವೇರು. ಜಾತಿ, ತಂದೆ ಉದ್ಯೋಗ, ಆಧಾರ್ ನಂಬರ್ ಬೇಡ. ಕ್ರಿಕೆಟ್ ನೋಡೋದು, ಹಾಡು ಕೇಳೋದು ಅಂತ ಬರೆದ ಜಾಗದಲ್ಲಿ ಅಪ್ಪನ ಕಿರಾಣಿ ಅಂಗಡೀಲಿ ಮೂರು ವರ್ಷ ಗಲ್ಲಾ ನೋಡ್ಕೊಂಡಿದ್ದು ಬರೀರಿ, ಮಕ್ಕಳು ಅದನ್ನ ಕೆಲಸ ಅಂತಾನೇ ಅನ್ಕೊಳ್ಳಲ್ಲ. ಫೈಲು ಪಿಡಿಎಫ್ ಆಗಿರಲಿ, ಫೈಲಿನ ಹೆಸರಲ್ಲಿ ನಿಮ್ಮ ಹೆಸರು ಇರಲಿ. ಕಳಿಸೋಕೆ ಮುಂಚೆ ಯಾರಿಗಾದ್ರೂ ಓದಿಸ್ರಿ. ಯಾರೂ ಇಲ್ಲ ಅಂದ್ರೆ ಪತ್ರಿಕೆ ವಿಳಾಸಕ್ಕೆ ಕಳಿಸ್ರಿ, ನಾನು ಓದಿ ಕೆಂಪು ಪೆನ್ನಲ್ಲಿ ಗುರುತು ಮಾಡಿ ವಾಪಸ್ ಕಳಿಸ್ತೀನಿ, ಹತ್ತು ದಿನ ಹಿಡೀತದೆ.